ಗಜರಾಜ ಇನ್ನೂ ಇದ್ದಾನೆ

ಗಜರಾಜ ತೀರಿಕೊಂಡ ಸುದ್ದಿ ಮಾದನಹಿಪ್ಪರಗಾಕ್ಕೆ ಬಂದದ್ದು ಪೇಪರಿನಿಂದ. ಪೇಪರಿನಲ್ಲಿ ಹಾಗೆ ಬರೆದಿರಲಿಲ್ಲ, ಆ ಮಾತು ಬೇರೆ. ಬರೆದದ್ದು ಇಷ್ಟೇ: ಐವತ್ತು ವರ್ಷದ ಹಿಂದೆ ಹೆಸರು ಮಾಡಿದ್ದ ‘ಗಜರಾಜ’ ಕಾರಿನ ಹೆಸರನ್ನು ಕಂಪನಿಯವರು ತಮ್ಮ ಹೊಸ ಕರೆಂಟಿನ ದೊಡ್ಡ ಗಾಡಿಗೆ ಇಡುತ್ತಿದ್ದಾರೆ. ಇವತ್ತು ಮಧ್ಯಾಹ್ನ ಒಂದು ಗಂಟೆಗೆ ಆಳಂದದ ಹೊಸ ಶೋರೂಮಿನಲ್ಲಿ ಪರದೆ ಸರಿಸುವ ಕಾರ್ಯಕ್ರಮ. ಎಲ್ಲರಿಗೂ ಸ್ವಾಗತ.

ಇದನ್ನು ಚಹಾದ ಹೋಟೆಲಿನ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದವನು ಶಾಂತಲಿಂಗಪ್ಪ. ಊರಲ್ಲಿ ಕೂಸಿಗೆ ಯಾವ ಹೆಸರು, ತೀರಿಕೊಂಡವರ ದಿನ ಯಾವತ್ತು, ಹೊಸ ಸೊಸೆ ಯಾವ ಕಾಲು ಮುಂದಿಟ್ಟು ಒಳಗೆ ಬರಬೇಕು ಎಂಬುದಕ್ಕೆಲ್ಲ ಕಡೆಯ ಮಾತು ಅವನದೇ. ಓದಿ ಮುಗಿಸಿದವನು ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸಿ, ನಿಟ್ಟುಸಿರು ಬಿಟ್ಟ.

“ಅಂತೂ ಹೋದ ಅಂತಾತು,” ಎಂದ.

“ಯಾರ್ರಿ?”

“ನಮ್ಮ ಖಂಡಪ್ಪನ ಗಜರಾಜ. ಹೊಸಾದಕ್ಕ ಹೆಸರು ಇಟ್ಟಾರಂದ್ರ ಹಳೇದು ಹೋಗಿರಬೇಕಲ್ಲ? ಇದ್ದವರ ಹೆಸರು ಯಾರರ ಇಡ್ತಾರೇನು?”

ಕಟ್ಟೆಯ ಮೇಲಿದ್ದವರು ಯಾರೂ ನಗಲಿಲ್ಲ. ನಗುವ ಮಾತೇ ಅಲ್ಲ ಅದು. ಆ ಕಡೆ ಅಜ್ಜ ಕಣ್ಣು ಮುಚ್ಚಿದ ಮೇಲೆ ಹುಟ್ಟಿದ ಮೊಮ್ಮಗನಿಗೆ ಅಜ್ಜನ ಹೆಸರು ಇಡುತ್ತಾರೆ. ಅಜ್ಜ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗಲೇ ಇಟ್ಟರೆ, ‘ನಿನ್ನದು ಮುಗಿಯಿತು, ಇನ್ನು ಏಳು’ ಎಂದು ಅವನ ಮುಖಕ್ಕೇ ಹೇಳಿದ ಹಾಗೆ. ಇದನ್ನು ಖಂಡಪ್ಪನಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ. ಅವನ ಅಜ್ಜನ ಹೆಸರೂ ಖಂಡಪ್ಪ. ಮೊಮ್ಮಗ ಹುಟ್ಟಿದಾಗ ಅಜ್ಜ ಹಾಸಿಗೆ ಹಿಡಿದಿದ್ದ. ಇವತ್ತೋ ನಾಳೆಯೋ ಹೋಗುತ್ತಾನೆ, ಆಮೇಲೆ ಅದೇ ಹೆಸರಿಟ್ಟರಾಯಿತು ಎಂದು ಮನೆಯವರು ತೊಟ್ಟಿಲ ಕಾರ್ಯ ಮುಂದೆ ಹಾಕಿದರು. ಅಜ್ಜ ಎದ್ದು ಕೂತ. ಆಮೇಲೆ ನಾಲ್ಕು ವರ್ಷ ರೊಟ್ಟಿ ಮುರಿದು ಉಂಡ. ಅಲ್ಲಿಯವರೆಗೆ ಖಂಡಪ್ಪನಿಗೆ ಹೆಸರೇ ಇರಲಿಲ್ಲ, ಎಲ್ಲರೂ ‘ಸಣ್ಣಾವ’ ಎಂದೇ ಕರೆದರು.

ಗಜರಾಜ ಖಂಡಪ್ಪನ ಅಪ್ಪ ತಂದ ಗಾಡಿ. ಊರವರು ಅದನ್ನು ‘ಅದು’ ಎನ್ನುತ್ತಿರಲಿಲ್ಲ, ‘ಅಂವ’ ಎನ್ನುತ್ತಿದ್ದರು. ಮೂರು ತಾಲ್ಲೂಕಿನ ಮದುಮಕ್ಕಳು ಅವನ ಹಿಂದಿನ ಸೀಟಿನಲ್ಲಿ ಕೂತು ಹೋಗಿದ್ದರು. ಜೇವರ್ಗಿಯ ಒಂದು ಮದುವೆಯಲ್ಲಿ ವರನ ಕುದುರೆ ಕೈಕೊಟ್ಟಾಗ ಮೆರವಣಿಗೆಯ ಮಾನ ಉಳಿಸಿದವನು ಅವನೇ. ಸೊನ್ನದ ಹತ್ತಿರ ಭೀಮೆ ಏರಿ ಬಂದು ರಸ್ತೆ ಮುಚ್ಚಿದ್ದಾಗ, ಹೆರಿಗೆ ನೋವಿನಲ್ಲಿದ್ದ ಹೆಣ್ಣುಮಗಳನ್ನು ಸುತ್ತುಬಳಸಿ ಅಫಜಲಪುರ ಮುಟ್ಟಿಸಿದವನೂ ಅವನೇ. ಆ ಕೂಸಿಗೆ ಗಜರಾಜ ಎಂದು ಹೆಸರಿಡಲು ಹೋದಾಗಲೂ ಹಿರಿಯರು ಬೇಡವೆಂದಿದ್ದರು. ಗಾಡಿ ಇನ್ನೂ ಇತ್ತಲ್ಲ.

ಆದರೆ ಇರುವುದಕ್ಕೂ ಓಡುವುದಕ್ಕೂ ವ್ಯತ್ಯಾಸವಿದೆ. ಎರಡು ವರ್ಷದಿಂದ ಗಜರಾಜ ಮನೆಯ ಪಕ್ಕದ ತಗಡಿನ ಶೆಡ್ಡು ಬಿಟ್ಟು ಹೊರಗೆ ಬಂದಿರಲಿಲ್ಲ. ಮುಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಖಂಡಪ್ಪ ಮಾತ್ರ ದಿನಾ ಬೆಳಿಗ್ಗೆ ಹೋಗಿ ಗಾಜು ಒರೆಸಿ, ಸ್ಟೇರಿಂಗ್ ಮೇಲೆ ಕೈಯಿಟ್ಟು ಹತ್ತು ನಿಮಿಷ ಸುಮ್ಮನೆ ಕೂತು ಬರುತ್ತಿದ್ದ. ಅರವತ್ತೆರಡು ವರ್ಷದ ಮನುಷ್ಯನಿಗೆ ಅದೊಂದೇ ಸುಖ.

ಅವನ ಹೆಂಡತಿ ತುಳಜಾಬಾಯಿಗೆ ಅದು ಬೇಡವಾಗಿತ್ತು. ಒಂದು ತಿಂಗಳಿಂದ ಒಂದೇ ಜಪ: ಶೆಡ್ಡು ಖಾಲಿಯಾಗಬೇಕು, ಹಿಟ್ಟಿನ ಗಿರಣಿ ಹಾಕಿಸಬೇಕು. ಕಡೆಗೆ ಗಂಡಹೆಂಡಿರ ನಡುವೆ ಒಂದು ಒಪ್ಪಂದವಾಗಿತ್ತು. ಗಜರಾಜ ತನ್ನ ಕಾಲ ಮೇಲೆ ಆಳಂದದವರೆಗೆ ಹೋದರೆ ಆಕೆ ಇನ್ನು ಆ ಮಾತು ತೆಗೆಯುವುದಿಲ್ಲ. ಹೋಗದಿದ್ದರೆ ಗುಜರಿಗೆ. ಅವತ್ತು ಬೆಳಿಗ್ಗೆ ಆಕೆ ಜರಿಯಂಚಿನ ಸೀರೆಯುಟ್ಟು, ಕಿಣ್ಣಿ ಸುಲ್ತಾನದ ತವರಿಗೆ ಹೋಗಿ ಬರುತ್ತೇನೆಂದು ಹೊಸ್ತಿಲಲ್ಲಿ ನಿಂತು ಹೇಳಿದಳು:

“ಸಂಜಿ ಐದಕ್ಕ ಗುಜರಿಯವ ಬರ್ತಾನ್ರಿ. ಕೀಲಿ ಅವನ ಕೈಯಾಗ ಕೊಡ್ರಿ. ಅಳಬ್ಯಾಡ್ರಿ ಮತ್ತ.”

“ಇವತ್ತs ಯಾಕ? ನಾಳಿ ಬರಲಿ.”

“ಇವತ್ತs ಬೇಕು. ಒಳ್ಳೇ ದಿನ ಅದ,” ಎಂದು ಹೇಳಿ, ಮುಖ ತಿರುಗಿಸಿಕೊಂಡು ಬಸ್ಸಿಗೆ ನಡೆದಳು.

ಖಂಡಪ್ಪ ಹೊಸ್ತಿಲಲ್ಲೇ ಕೂತ. ಅಷ್ಟರಲ್ಲಿ ಶಾಂತಲಿಂಗಪ್ಪ ಏಳೆಂಟು ಮಂದಿಯನ್ನು ಕಟ್ಟಿಕೊಂಡು ಓಣಿಯಲ್ಲಿ ಬಂದ. ಎಲ್ಲರೂ ತಲೆ ಬಗ್ಗಿಸಿದ್ದರು. ಒಬ್ಬೊಬ್ಬರೇ ಖಂಡಪ್ಪನ ಹೆಗಲು ಮುಟ್ಟಿ, ಪಕ್ಕಕ್ಕೆ ಸರಿದು ನೆಲದ ಮೇಲೆ ಕೂತರು. ಒಬ್ಬ ಶೆಡ್ಡಿಗೆ ಹೋಗಿ ಗಜರಾಜನ ಬಾನೆಟ್ಟಿಗೆ ಚೆಂಡುಹೂವಿನ ಹಾರ ಹಾಕಿ, ಕೈಮುಗಿದು ಬಂದ. ಶಾಂತಲಿಂಗಪ್ಪನ ಹೆಂಡತಿ ಶಿವಕಾಂತಾ ಅನ್ನ ಸಾರು ಮುಚ್ಚಿಕೊಂಡು ತಂದಳು.

“ಇದೇನಿದು?” ಎಂದ ಖಂಡಪ್ಪ.

“ಉಣ್ರಿ ಅಣ್ಣಾ,” ಎಂದಳು ಶಿವಕಾಂತಾ. “ಅಕ್ಕಾನೂ ಊರಾಗಿಲ್ಲ. ಇಂಥ ದಿನ ಒಲಿ ಹಚ್ಚಬಾರದು.”

ಶಾಂತಲಿಂಗಪ್ಪ ಪೇಪರು ಬಿಡಿಸಿ, ಆ ಸುದ್ದಿ ಓದಿ, ಮಡಚಿದ. “ಹೆಸರು ಮುಂದಿನವರಿಗೆ ಹೋಗ್ಯಾದ ಖಂಡಪ್ಪ. ಇನ್ನ ಅವನ್ನ ಇಟ್ಕೊಂಡು ಕೂಡಬಾರದು. ನೀ ಬಾಯಿಲೆ ಒಂದು ಮಾತು ಹೇಳಿಬಿಡು, ‘ಹೋದ’ ಅಂತ. ಮುಗೀತು.”

ಖಂಡಪ್ಪನಿಗೆ ಸಿಟ್ಟು ನೆತ್ತಿಗೇರಿತು. ಗುಜರಿಗೆ ಕೊಡುವುದು ಒಂದು ನೋವು. ಉಸಿರಿರುವವನಿಗೆ ಹಾರ ಹಾಕಿ, ಹೆಸರು ಕಿತ್ತುಕೊಂಡು ಇನ್ನೊಬ್ಬನ ಹಣೆಗೆ ಹಚ್ಚುವುದು ಅದಕ್ಕಿಂತ ದೊಡ್ಡ ಅನ್ಯಾಯ.

“ಹೋಗಿಲ್ಲ!” ಎಂದು ಎದ್ದ. “ಅಂವ ಇನ್ನೂ ಇದ್ದಾನ. ಲಾಡ್ಲೆಸಾಬಗ ಕರೀರಿ!”

ಲಾಡ್ಲೆಸಾಬ ಆ ಊರಿನ ಹಳೆಯ ಮಿಸ್ತ್ರಿ. ಟ್ರ್ಯಾಕ್ಟರು, ಪಂಪಸೆಟ್ಟು, ಹೊಲಿಗೆ ಯಂತ್ರ ಎಲ್ಲದಕ್ಕೂ ಅವನದೇ ಕೈ. ಗಜರಾಜನ ಹೊಟ್ಟೆಯೊಳಗೆ ಏನೇನಿದೆ ಎಂದು ಬಲ್ಲವನು ಈಗ ಭೂಮಿಯ ಮೇಲೆ ಅವನೊಬ್ಬನೇ. ಬಂದವನು ಬಾನೆಟ್ಟು ಎತ್ತಿ, ಒಳಗೆ ಕಿವಿಯಿಟ್ಟು, ಡಾಕ್ಟರನ ಹಾಗೆ ಎಲ್ಲರನ್ನೂ ದೂರ ಸರಿಸಿದ.

“ಜಾನ್ ಅದಲೇ ಖಂಡಪ್ಪ,” ಎಂದ. “ತುಸು ಅದ. ಆದ್ರ ಅದ.”

ಒಂದು ಟ್ರ್ಯಾಕ್ಟರಿನ ಬ್ಯಾಟರಿ ಬಂತು. ಕೋಳಿಯನ್ನು ಎತ್ತಿ ಇಳಿಸಿದರು, ಅದು ಕೂಗಾಡಿತು. ಲಾಡ್ಲೆಸಾಬ ಒಂದು ನಳಿಗೆಯಲ್ಲಿ ಬಾಯಿಟ್ಟು ಊದಿದ, ಇನ್ನೊಂದನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದ. ಖಂಡಪ್ಪ ಕಣ್ಣು ಮುಚ್ಚಿ, ಅಪ್ಪನನ್ನು ನೆನೆದು ಕೀಲಿ ತಿರುಗಿಸಿದ. ಮೊದಲ ಸಲ ಏನೂ ಇಲ್ಲ. ಎರಡನೆಯ ಸಲ ಒಂದು ಕೆಮ್ಮು. ಮೂರನೆಯ ಸಲ ಗಜರಾಜ ಶೆಡ್ಡಿನ ತಗಡೆಲ್ಲ ನಡುಗುವ ಹಾಗೆ ಗುಡುಗಿ, ದುಃಖಕ್ಕೆ ಬಂದು ಕೂತವರ ಮೇಲೆ ಎರಡು ವರ್ಷದ ಕರಿಹೊಗೆಯನ್ನು ಒಮ್ಮೆಲೇ ಉಗುಳಿದ.

ಊರು ಕೇಕೆ ಹಾಕಿತು. ಖಂಡಪ್ಪನ ಕಣ್ಣಲ್ಲಿ ನೀರು ಬಂತು.

ಶಾಂತಲಿಂಗಪ್ಪ ಮಾತ್ರ ಮುಖದ ಮಸಿ ಒರೆಸಿಕೊಳ್ಳುತ್ತ, “ಉಸಿರಾಡಿದ್ರ ಬದುಕಿದಂಗ ಆಗಂಗಿಲ್ಲ,” ಎಂದ. “ದವಾಖಾನ್ಯಾಗ ನಳಿಗಿ ಹಚ್ಚಿಸಿಕೊಂಡು ಮಲಗಿದವನೂ ಉಸಿರಾಡ್ತಾನ. ನಡದು ತೋರಸಬೇಕು.”

“ನಡದs ತೋರಸ್ತೇನಿ. ಆಳಂದಕ್ಕ ಹೋಗಿ ಆ ಹೊಸಾದರ ಎದುರಿಗೇ ನಿಂದರಸ್ತೇನಿ. ಯಾರ ಹೆಸರು ಯಾರಿಗಿ ಇಟ್ಟೀರಿ ಅಂತ ಕೇಳ್ತೇನಿ!”

‘ಆಳಂದ’ ಎಂದದ್ದೇ ಶಾಂತಲಿಂಗಪ್ಪನ ಮುಖ ಸಣ್ಣಗಾಯಿತು. “ಬ್ಯಾಡ ಖಂಡಪ್ಪ. ಆಳಂದ ಬ್ಯಾಡ. ಬೇಕಾರ ಹನುಮಂತ ದೇವರ ಗುಡಿ ತನಕ ಹೋಗಿ ಬಾ.”

“ಹೆಂಡ್ತಿ ಮಾತು ಆಳಂದ ಅಂತನs ಅದ. ಆಳಂದಕ್ಕs ಹೋಗಬೇಕು.”

“ಹಂಗಾರ ನಾನೂ ಬರ್ತೇನಿ,” ಎಂದು ಶಾಂತಲಿಂಗಪ್ಪ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತ. ಕೂತದ್ದು ಮೊಟ್ಟೆಯ ಮೇಲೆ. ಆದರೂ ಇಳಿಯಲಿಲ್ಲ. ಲಾಡ್ಲೆಸಾಬ ಎರಡು ಕೊಡ ನೀರು ಇಟ್ಟುಕೊಂಡು ಹಿಂದೆ ಕೂತ. ಆ ಗಡಿಬಿಡಿಯಲ್ಲಿ ಬಾನೆಟ್ಟಿನ ಮೇಲಿನ ಹಾರ ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಗಜರಾಜ ಹೊರಟ. ಅವನ ನಡಿಗೆ ಎತ್ತಿನ ಬಂಡಿಗಿಂತ ತುಸು ಹೆಚ್ಚು, ಸೈಕಲ್ಲಿಗಿಂತ ತುಸು ಕಡಿಮೆ. ಊರು ದಾಟುವಷ್ಟರಲ್ಲಿ ಹಾರನ್ನಿನ ಗುಂಡಿ ಒಳಗೆ ಸಿಕ್ಕಿಕೊಂಡು, ಒಂದೇ ಸಮನೆ ಸಣ್ಣ ದನಿಯಲ್ಲಿ ಕೊರಗತೊಡಗಿತು. ಎರಡೂ ಬದಿ ತೊಗರಿ ಹೊಲ, ನಡುವೆ ಮೆಲ್ಲಗೆ ಸಾಗುವ ಹಳೆಯ ಕರಿಯ ಗಾಡಿ, ಮೇಲೆ ಚೆಂಡುಹೂವಿನ ಹಾರ, ಒಳಗೆ ಮಸಿ ಹತ್ತಿದ ಮುಖದ ಮೂವರು ಮುದುಕರು. ನೋಡಿದವರಿಗೆ ಏನನಿಸಬೇಕೋ ಅದೇ ಅನಿಸಿತು. ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ಕುರ್ಪಿ ಕೆಳಗಿಟ್ಟು ಎದ್ದು ನಿಂತರು. ಹೆಂಗಸರು ಸೆರಗು ತಲೆಯ ಮೇಲೆ ಎಳೆದುಕೊಂಡರು. ಎದುರಿಗೆ ಬಂದ ಬಸ್ಸಿನ ಡ್ರೈವರು ಬದಿಗೆ ನಿಲ್ಲಿಸಿ ಎದೆ ಮುಟ್ಟಿಕೊಂಡ.

ಆಡು ಕಾಯುತ್ತಿದ್ದ ಮುದುಕನೊಬ್ಬ ಕೋಲು ಅಡ್ಡ ಹಿಡಿದು ಗಾಡಿ ನಿಲ್ಲಿಸಿದ. ಕಿಟಕಿಯಲ್ಲಿ ಬಗ್ಗಿ ಮೆಲ್ಲಗೆ ಕೇಳಿದ:

“ಯಾರು ಹೋದ್ರು ತಮ್ಮಾ?”

“ಗಜರಾಜ,” ಎಂದ ಶಾಂತಲಿಂಗಪ್ಪ ಗಂಭೀರವಾಗಿ.

“ವಯಸ್ಸೆಷ್ಟು?”

“ಐವತ್ತರ ಮ್ಯಾಲ.”

“ಅಯ್ಯ ಪಾಪ, ಸಣ್ಣ ವಯಸ್ಸು.”

“ಹೋಗಿಲ್ಲರೀ ಯಜಮಾನ್ರ, ಇದ್ದಾನ!” ಎಂದು ಕೂಗಿದ ಖಂಡಪ್ಪ.

ಮುದುಕ ಕಿಟಕಿಯೊಳಗೆ ಕೈ ಹಾಕಿ ಖಂಡಪ್ಪನ ಕೆನ್ನೆ ಸವರಿದ. “ಮೊದಲ ದಿನ ಎಲ್ಲಾರೂ ಹಂಗs ಅಂತಾರ. ನಾನೂ ಅಂದಿದ್ದೆ. ಮನಸ್ಸು ಗಟ್ಟಿ ಮಾಡ್ಕೋಪಾ,” ಎಂದು ಕಣ್ಣೊರೆಸಿಕೊಂಡು ದಾರಿ ಬಿಟ್ಟ.

ಆಮೇಲೆ ಒಂದು ಮೋಟಾರ್ ಸೈಕಲ್ಲು ಮುಂದೆ ಹೋಗಲು ಸಂಕೋಚಪಟ್ಟು ಹಿಂದೆ ಉಳಿಯಿತು. ಅದನ್ನು ನೋಡಿ ಇನ್ನೊಂದು ಉಳಿಯಿತು. ಸಂತೆಗೆ ಹೊರಟಿದ್ದ ಟಂಟಂ ಆಟೋ ಒಂದು, ಒಳಗಿದ್ದವರ ಮಾತು ನಿಲ್ಲಿಸಿ ಸಾಲಿಗೆ ಸೇರಿತು. ಸತ್ತವರನ್ನು ದಾಟಿ ಮುಂದೆ ಹೋಗುವಷ್ಟು ಅವಸರ ಆ ಕಡೆ ಯಾರಿಗೂ ಇಲ್ಲ.

ಅರ್ಧ ದಾರಿಯಲ್ಲಿ ಏರು ಬಂತು. ಗಜರಾಜನ ಬಾನೆಟ್ಟಿನಿಂದ ಉಗಿ ಎದ್ದಿತು. ಲಾಡ್ಲೆಸಾಬ ಇಳಿದು ಒಂದು ಕೊಡ ನೀರು ಕುಡಿಸಿ, ಇನ್ನೊಂದನ್ನು ಮೈಮೇಲೆ ಸುರಿದ. ಆ ಹೊತ್ತಿನಲ್ಲಿ ಶಾಂತಲಿಂಗಪ್ಪ ಖಂಡಪ್ಪನ ಕೈ ಹಿಡಿದುಕೊಂಡ.

“ನನ್ನ ಮಾತು ಕೇಳು. ಇಲ್ಲಿಂದs ತಿರುಗಿ ಹೋಗೂಣು. ಇಂವ ಹೋದ ಅಂತ ಒಪ್ಕೊ. ನಿನಗ ಒಳ್ಳೇದಾಗ್ತದ.”

“ಏನು ಒಳ್ಳೇದಾಗ್ತದ?”

ಶಾಂತಲಿಂಗಪ್ಪ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. “ಹೇಳಂಗಿಲ್ಲ. ಮಾತು ಕೊಟ್ಟೇನಿ,” ಎಂದ.

“ನಿನಗ ಇವನ ಮ್ಯಾಲ ಮೊದಲಿಂದs ಹೊಟ್ಟೆಕಿಚ್ಚು,” ಎಂದ ಖಂಡಪ್ಪ. ಅದು ಸುಳ್ಳೂ ಅಲ್ಲ. ಶಾಂತಲಿಂಗಪ್ಪನ ಮದುವೆಯ ದಿನ ಗಜರಾಜ ಬೇರೆಯವರ ಮದುವೆಗೆ ಹೋಗಿದ್ದ, ಅವನು ಹೆಣ್ಣಿನ ಮನೆಗೆ ಲಾರಿಯಲ್ಲಿ ಹೋಗಬೇಕಾಗಿತ್ತು. ಹಿಂದೆ ಸಾಲಿನಲ್ಲಿದ್ದವರು, ಹೊತ್ತವರಿಗೆ ದಣಿವಾಗಿರಬೇಕೆಂದು, ತಾವೇ ಬಂದು ಹೆಗಲು ಕೊಟ್ಟು ಗಜರಾಜನನ್ನು ಏರಿನ ತುದಿಗೆ ತಳ್ಳಿದರು. ತುದಿಯಲ್ಲಿ ಅವನು ಮತ್ತೆ ಗುಡುಗಿದ.

ಆಳಂದ ಬಂದಾಗ ಹಿಂದೆ ಹದಿನೈದು ಗಾಡಿಗಳ ಸಾಲು. ಪೇಟೆಯವರು ಅಂಗಡಿಯಿಂದ ಇಣುಕಿ, ಬಹಳ ದೊಡ್ಡವರು ಯಾರೋ ಹೋಗಿದ್ದಾರೆಂದು ಎದ್ದು ನಿಂತರು. ಆ ಮೆರವಣಿಗೆ ನೇರವಾಗಿ ಹೊಸ ಶೋರೂಮಿನ ಶಾಮಿಯಾನದೊಳಗೆ ನುಗ್ಗಿತು. ಅಲ್ಲಿ ಕುರ್ಚಿ ತುಂಬಿ ಜನ, ವೇದಿಕೆ, ವೇದಿಕೆಯ ಪಕ್ಕದಲ್ಲಿ ಕೆಂಪು ಪರದೆ ಹೊದ್ದ ಒಂದು ದೊಡ್ಡ ಗಾಡಿ. ಕಾರ್ಯಕ್ರಮ ಆಗಷ್ಟೇ ಶುರುವಾಗಿತ್ತು.

ಶೋರೂಮಿನ ಮ್ಯಾನೇಜರ ಆಫ್ತಾಬ ಮೊದಲು ಹಾರ ನೋಡಿ ಗಾಬರಿಯಾದ. ಆಮೇಲೆ ಗಾಡಿಯ ಮೂತಿ ನೋಡಿದ. ಎರಡೂ ಕೈ ಚಾಚಿಕೊಂಡು ಓಡಿ ಬಂದ.

“ಅರೇ ಕಾಕಾ! ಅಸಲಿ ಗಜರಾಜ! ಇನ್ನೂ ಓಡ್ತದೇನ್ರಿ? ಹಳೇದು ಹೊಸಾದು ಬಾಜೂಬಾಜೂಕ ನಿಂತ್ರ ಇದಕ್ಕಿಂತ ದೊಡ್ಡ ಫೋಟೋ ಯಾವುದದ? ಬರ್ರಿ, ಬರ್ರಿ, ಮೈಕಿನಾಗ ನಾಕು ಮಾತು ಹೇಳ್ರಿ!”

ಖಂಡಪ್ಪ ಜೀವಮಾನದಲ್ಲಿ ಮೈಕು ಮುಟ್ಟಿದವನಲ್ಲ. ಕೆಳಗೆ ಗಜರಾಜ ಇಂಜಿನು ಬಂದ್ ಮಾಡದೆ ಗುರುಗುಡುತ್ತ ನಿಂತಿದ್ದ. ಅವನನ್ನು ನೋಡಿದ ಮೇಲೆ ಧೈರ್ಯ ಬಂತು.

“ಹಿರಿಯರಿಗಿ ಶರಣು,” ಎಂದ. “ಇಂವ ನಮ್ಮ ಮನೀ ಹಿರಿಯ. ನಮ್ಮಪ್ಪ ತಂದಾಂವ. ಇವತ್ತು ಮುಂಜಾನಿ ಇವನಿಗಿ ಹಾರ ಹಾಕ್ಯಾರ, ಹೋದ ಅಂತ ನನ್ನ ಬಾಯಿಲೆ ಹೇಳಸಾಕ ಬಂದಾರ. ನೋಡ್ರಿ, ಇದ್ದಾನ! ಇವನ ಹೆಸರು ಇನ್ನೊಬ್ಬಗ ಹೆಂಗ ಇಡ್ತೀರಿ? ನಮ್ಮಜ್ಜ ಇದ್ದ ಅಂತ ನನಗ ನಾಕು ವರ್ಷ ಹೆಸರಿರಲಿಲ್ಲ. ಹೆಸರಿಲ್ಲದs ಬೆಳದೇನಿ ನಾ. ಮನಷ್ಯಾಗ ಒಂದು ನ್ಯಾಯ, ಗಾಡಿಗಿ ಒಂದು ನ್ಯಾಯ ಏನು?”

ಹಿಂದೆ ಸಾಲಿನಲ್ಲಿ ಬಂದಿದ್ದವರು ಮೊದಲು ಚಪ್ಪಾಳೆ ಹೊಡೆದರು. ಅವರಿಗೆ ಸತ್ತವನು ಎದ್ದು ಕೂತಷ್ಟು ಸಂತೋಷವಾಗಿತ್ತು. ಕುರ್ಚಿಯಲ್ಲಿದ್ದ ಮುದುಕರು ತಲೆದೂಗಿದರು. ಚಪ್ಪಾಳೆ ಖಂಡಪ್ಪನ ತಲೆಗೆ ಹತ್ತಿತು.

ವೇದಿಕೆಯ ಕೆಳಗಿನಿಂದ ಶಾಂತಲಿಂಗಪ್ಪ ಎರಡೂ ಕೈ ಬೀಸಿ, “ಸಾಕು! ಸಾಕು! ಇಳಿ ಕೆಳಗ!” ಎಂದು ಸನ್ನೆ ಮಾಡುತ್ತಿದ್ದ. ಖಂಡಪ್ಪ ಅವನ ಕಡೆ ಬೆರಳು ತೋರಿಸಿ ದನಿ ಎತ್ತರಿಸಿದ:

“ಬೇಕಾದವರು ತಗೋರಿ. ಆದ್ರ ಇಂವ ಇರೂತನಕ ಈ ಹೆಸರಿನ ಇನ್ನೊಂದು ಗಾಡಿ ನನ್ನ ಮನೀ ಹೊಸ್ತಿಲ ಮುಂದ ಬರಂಗಿಲ್ಲ! ಬಿಟ್ಟಿ ಕೊಟ್ಟರೂ ಮುಟ್ಟಂಗಿಲ್ಲ! ನಮ್ಮಜ್ಜನ ಆಣಿ, ನಮ್ಮಪ್ಪನ ಆಣಿ! ಇಷ್ಟು ಮಂದಿ ಸಾಕ್ಷಿ!”

ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ. ಶಾಂತಲಿಂಗಪ್ಪ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂತುಬಿಟ್ಟ.

ಆಫ್ತಾಬನಿಗೆ ಭಾಷಣದ ತಿರುಳು ಅಷ್ಟಾಗಿ ಇಳಿಯಲಿಲ್ಲ. ಅವನ ಕಣ್ಣೆಲ್ಲ ಗಡಿಯಾರದ ಮೇಲಿತ್ತು. ಮೈಕು ತೆಗೆದುಕೊಂಡು, “ವಾಹ್ ಕಾಕಾ, ವಾಹ್! ಈಗ ನಮ್ಮ ಮೊದಲನೇ ಗಿರಾಕಿಗಿ ಕೀಲಿ ಕೊಡೋ ಟೈಮ್,” ಎಂದು ಕಾಗದ ನೋಡಿ ಓದಿದ. “ಆಳಂದ ತಾಲ್ಲೂಕಿನ ಮೊಟ್ಟಮೊದಲ ಹೊಸ ಗಜರಾಜ ಯಾರದಂದ್ರ, ಮಾದನಹಿಪ್ಪರಗಾದ ಶ್ರೀ ಖಂಡಪ್ಪನವರದು!”

ಪರದೆ ಸರಿಯಿತು. ತೊಗರಿ ಎಲೆಯ ಹಸಿರು ಬಣ್ಣದ ಗಾಡಿ ಸದ್ದೇ ಇಲ್ಲದೆ ಹೊಳೆಯುತ್ತ ನಿಂತಿತ್ತು. ಅದರ ಪಕ್ಕದಲ್ಲಿ ಜರಿಯಂಚಿನ ಸೀರೆಯುಟ್ಟು, ಕೈಯಲ್ಲಿ ಆರತಿಯ ತಟ್ಟೆ ಹಿಡಿದು ತುಳಜಾಬಾಯಿ ನಿಂತಿದ್ದಳು. ಪರದೆಯ ಹಿಂದೆ ನಿಂತು ಆಕೆ ಭಾಷಣವನ್ನೆಲ್ಲ ಕೇಳಿದ್ದಳು.

ಖಂಡಪ್ಪ ವೇದಿಕೆಯ ಅಂಚಿಗೆ ಬಂದ. “ನೀ... ತವರಿಗಿ ಹೋಗಿಲ್ಲೇನ?”

“ತವರಿನ ಹೊಲದಾಗ ನನ್ನ ಪಾಲು ಬಂತಲ್ರಿ, ಅದರಾಗs ತಗೊಂಡೇನಿ,” ಎಂದಳು ತುಳಜಾಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. “ಬ್ಯಾರೆ ಗಾಡಿ ತಗೋರಿ ಅಂದಾಗೆಲ್ಲ, ಗಜರಾಜನ ಬಿಟ್ಟು ಬ್ಯಾರೆದಕ್ಕ ಕೈ ಹಚ್ಚಂಗಿಲ್ಲ ಅಂತಿದ್ರಿ. ಅದs ಹೆಸರಿಂದು ಬರ್ತದ ಅಂತ ಗೊತ್ತಾತು. ಇದ್ದವರ ಹೆಸರಿಂದು ಮನೀಗಿ ತರಬಾರದು ಅಂತ ನನಗೂ ಗೊತ್ತದ. ಅದಕ್ಕs ಗುಜರಿಯವಗ ಇವತ್ತs ಬಾ ಅಂದಿದ್ದೆ. ಅದಕ್ಕs ಶಾಂತಲಿಂಗಪ್ಪಣ್ಣಗ, ಹೆಂಗರ ಮಾಡಿ ನಿಮ್ಮ ಬಾಯಿಲೆ ‘ಹೋದ’ ಅನ್ನಿಸ್ರಿ ಅಂದಿದ್ದೆ. ಒಂದು ಮಾತು. ಅಷ್ಟs ಬೇಕಾಗಿತ್ತು.”

ಗಿರಣಿಯೂ ಇಲ್ಲ, ಮಣ್ಣೂ ಇಲ್ಲ. ಶೆಡ್ಡು ಬೇಕಾಗಿದ್ದದ್ದು ಹೊಸ ಗಜರಾಜನಿಗೆ.

ಖಂಡಪ್ಪ ಹೊಸ ಗಾಡಿಯನ್ನು ನೋಡಿದ. ಮೂತಿಯಲ್ಲಿ ಅದೇ ಹಳೆಯ ಆನೆಯ ಗುರುತು, ಅದೇ ಬಾಗಿದ ಅಕ್ಷರ. ಅವನಿಗೆ ಅದು ಬೇಕಾಯಿತು. ಮದುವೆಯಾದ ಹೊಸತರಲ್ಲಿ ಕೂಡ ಯಾವುದಕ್ಕೂ ಅವನ ಜೀವ ಅಷ್ಟು ಎಳೆದಿರಲಿಲ್ಲ. ಆದರೆ ಅಜ್ಜನ ಆಣೆ, ಅಪ್ಪನ ಆಣೆ, ಎದುರಿಗೆ ಮುನ್ನೂರು ಸಾಕ್ಷಿ. ಅವರೆಲ್ಲ ಈಗ ಕುತ್ತಿಗೆ ಉದ್ದ ಮಾಡಿ ಇವನ ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಿದ್ದರು. ಹಳೆಯ ಗಜರಾಜ ಅವತ್ತು ಸಾಯಬೇಕಾಗಿದ್ದವನು, ಅವನನ್ನು ಬದುಕಿಸಿ ಇಲ್ಲಿಯವರೆಗೆ ಕಟ್ಟಿಕೊಂಡು ಬಂದವನು ಖಂಡಪ್ಪನೇ.

“ಕಾಕಾ, ಕೀಲಿ ತಗೋರಿ,” ಎಂದ ಆಫ್ತಾಬ.

ಖಂಡಪ್ಪ ಕೈ ಹಿಂದೆ ಕಟ್ಟಿಕೊಂಡ. “ಬ್ಯಾಡ,” ಎಂದ.

ಆಫ್ತಾಬ ಬೆವರಿದ. ಒಳ್ಳೆಯ ಗಳಿಗೆ ಮೀರುತ್ತಿತ್ತು. ಫೋಟೋದವರು ಕಾಯುತ್ತಿದ್ದರು. ತುಳಜಾಬಾಯಿಯನ್ನು ಕೇಳಿದ, ಆಕೆ ಗಂಡನ ಆಣೆ ಮೀರಲಾರೆನೆಂದು ತಲೆಯಾಡಿಸಿ, ಕಟ್ಟಿದ ರೊಕ್ಕ ವಾಪಸು ಕೊಡಿರಿ ಎಂದಳು. ಅವನು ಅವಸರದಿಂದ ಕಾಗದ ತಿರುವಿದ. “ಪಾಳಿಯಾಗ ಎರಡನೇ ಹೆಸರು... ಮಾದನಹಿಪ್ಪರಗಾದ ಶಾಂತಲಿಂಗಪ್ಪನವರು.”

ತಲೆಯ ಮೇಲೆ ಕೈಯಿಟ್ಟು ಕೂತಿದ್ದ ಶಾಂತಲಿಂಗಪ್ಪ ಮೆಲ್ಲಗೆ ಎದ್ದ. ತುಳಜಾಬಾಯಿಯ ಅರ್ಜಿ ತುಂಬಲು ಬಂದ ದಿನ, ಇರಲಿ ಎಂದು ಮುಂಗಡ ಕಟ್ಟಿ ತನ್ನ ಹೆಸರನ್ನೂ ಬರೆಸಿಟ್ಟಿದ್ದ. ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ಯಾರೋ ಕೇಳಿಯೇ ಬಿಟ್ಟರು:

“ಯಜಮಾನ್ರ, ಇದ್ದವರ ಹೆಸರಿಂದು ನೀವು ಹೆಂಗ ತಗೋತೀರಿ?”

ಶಾಂತಲಿಂಗಪ್ಪ ಕನ್ನಡಕ ಒರೆಸಿ ಹಾಕಿಕೊಂಡ. “ಅಜ್ಜನ ಹೆಸರು ಅಜ್ಜನ ಮನ್ಯಾಗ ಇಡಬಾರದು,” ಎಂದ ತೀರ್ಪು ಕೊಡುವ ದನಿಯಲ್ಲಿ. “ಬಾಜೂ ಮನ್ಯಾಗ ಇಟ್ರ ಏನು ಅಡ್ಡಿ? ನಮ್ಮ ಮನ್ಯಾಗ ಗಜರಾಜ ಅನ್ನಾವ ಹಿಂದೂ ಇರಲಿಲ್ಲ, ಈಗೂ ಇಲ್ಲ.”

ಮುದುಕರು ಒಬ್ಬರ ಮುಖ ಒಬ್ಬರು ನೋಡಿ, ಅದು ಖರೇ ಎಂದು ಒಪ್ಪಿದರು. ಪದ್ಧತಿ ಅಂದರೆ ಪದ್ಧತಿ. ತುಳಜಾಬಾಯಿ ಹಚ್ಚಿ ತಂದಿದ್ದ ಆರತಿ ಆರಬಾರದೆಂದು, ಅದೇ ಆರತಿಯನ್ನು ಆಕೆಯೇ ಬೆಳಗಿದಳು. ಗಾಲಿಯ ಕೆಳಗಿನ ನಿಂಬೆಹಣ್ಣು ಒಡೆಯಿತು. ಫೋಟೋ ಆಯಿತು. ಮಸಿ ಮುಖದ ಶಾಂತಲಿಂಗಪ್ಪ, ಧೋತರಕ್ಕೆ ಮೊಟ್ಟೆಯ ಕಲೆ, ಕೈಯಲ್ಲಿ ಕೀಲಿ.

ಖಂಡಪ್ಪ ಎದೆ ಸೆಟೆಸಿಕೊಂಡು ತನ್ನ ಗಜರಾಜನ ಹತ್ತಿರ ನಡೆದ. ಏನೇ ಆಗಲಿ, ಇವನಂತೂ ಉಳಿದನಲ್ಲ, ಆಳಂದದವರೆಗೆ ಬಂದನಲ್ಲ. ಹೆಂಡತಿ ಮಾತು ಕೊಟ್ಟಿದ್ದಾಳೆ, ಇನ್ನು ಯಾರೂ ಇವನನ್ನು ಶೆಡ್ಡಿನಿಂದ ಎಬ್ಬಿಸಲಾರರು. ಬಾಗಿಲು ತೆಗೆಯಲು ಹಿಡಿಕೆಗೆ ಕೈಯಿಟ್ಟ. ಅಷ್ಟರಲ್ಲಿ ಆ ಗುರುಗುಡು ಒಮ್ಮೆ ತಡವರಿಸಿತು. ಹಾರನ್ನಿನ ಕೊರಗು ಸಣ್ಣಗಾಗುತ್ತ ಹೋಗಿ ನಿಂತಿತು. ಒಳಗೆ ಎಲ್ಲಿಯೋ ಏನೋ ಕಡಿದ ಸದ್ದು ಬಂತು. ಗಜರಾಜನ ಅಡಿಯಿಂದ ಎಣ್ಣೆಯೆಲ್ಲ ಸೋರಿ, ಶಾಮಿಯಾನದ ಹೊಸ ಜಮಖಾನದ ಮೇಲೆ ಹರಡಿತು.

ಲಾಡ್ಲೆಸಾಬ ಬಾನೆಟ್ಟು ಎತ್ತಿದ. ಬಹಳ ಹೊತ್ತು ಒಳಗೆ ನೋಡಿದ. ಕಿವಿಯಿಟ್ಟ. ಆಮೇಲೆ ತನ್ನ ಬಿಳಿಯ ಟೋಪಿ ತೆಗೆದು ಎದೆಗೆ ಹಿಡಿದ.

“ಹೋದ,” ಎಂದ. “ಈಗ ಖರೇನs ಹೋದ ಖಂಡಪ್ಪ. ಇನ್ನ ಇವನ್ನ ಯಾರಿಂದನೂ ಎಬ್ಬಸಾಕ ಆಗಂಗಿಲ್ಲ.”

ಖಂಡಪ್ಪನ ಕಣ್ಣು ತುಂಬಿತು. ತುಂಬಿದ ಕಣ್ಣಿನಲ್ಲೇ ಅವನಿಗೆ ಒಂದು ವಿಚಾರ ಹೊಳೆಯಿತು. ಹೊಳೆದದ್ದಕ್ಕೆ ಅವನಿಗೇ ನಾಚಿಕೆಯಾಯಿತು, ಆದರೂ ಕಾಲು ತಾನಾಗಿ ಓಡಿತು. “ಆಫ್ತಾಬ! ತಮ್ಮಾ! ಹೋದ! ಈಗ ಇಲ್ಲ! ಇರೂತನಕ ಅಂತ ಆಣಿ ಇಟ್ಟಿದ್ದೆ, ಈಗ ಹೆಸರು ಇಡಬಹುದು!”

“ಅದರ ಕಾಗದ ಪತ್ರಾ ಎಲ್ಲಾ ಅವರ ಹೆಸರಿಗಿ ಆದವಲ್ರಿ ಕಾಕಾ,” ಎಂದ ಆಫ್ತಾಬ ನಿಜವಾದ ಮರುಕದಿಂದ. “ಇನ್ನೊಂದು ಬರಬೇಕಂದ್ರ ಮುಂದಿನ ವರ್ಷ. ಅದೂ ಬಂದ್ರ.”

ಕಡೆಗೆ ಗಜರಾಜನನ್ನು ಊರಿಗೆ ಒಯ್ಯುವ ಪ್ರಶ್ನೆ ಬಂತು. ಶಾಂತಲಿಂಗಪ್ಪ ದೊಡ್ಡ ಮನಸ್ಸು ಮಾಡಿದ. ಹೊಸ ಗಾಡಿಗೆ ಹಗ್ಗ ಕಟ್ಟಿದರು, ಇನ್ನೊಂದು ತುದಿ ಹಳೆಯದಕ್ಕೆ. ಲಾಡ್ಲೆಸಾಬ ಮುಂದಿನ ಗಾಡಿಯಲ್ಲಿ ಕೂತ, ತಣ್ಣನೆಯ ಗಾಳಿ ಹೇಗೆ ಬರುತ್ತದೋ ನೋಡಬೇಕೆಂದು. ತುಳಜಾಬಾಯಿಗೂ ಶಾಂತಲಿಂಗಪ್ಪ ಬಾಗಿಲು ತೆಗೆದು ಹಿಡಿದ. ಆಕೆ ಒಲ್ಲೆನೆಂದು ತಲೆಯಾಡಿಸಿ, ಹಿಂದೆ ನಡೆದು ಬಂದು, ಸೀಟು ಕೊಡವಿ, ಹಳೆಯ ಗಾಡಿಯ ಸ್ಟೇರಿಂಗ್ ಹಿಡಿದು ಕೂತಿದ್ದ ಗಂಡನ ಪಕ್ಕದಲ್ಲಿ ಕೂತಳು.

ಹಗ್ಗ ಬಿಗಿಯಿತು. ಮುಂದಿನದು ಸದ್ದಿಲ್ಲದೆ ಎಳೆಯಿತು, ಹಿಂದಿನದು ಸದ್ದಿಲ್ಲದೆ ಹಿಂಬಾಲಿಸಿತು. ಖಂಡಪ್ಪ ಹೆಂಡತಿಯ ಮುಖ ನೋಡಲಾರದೆ ಎದುರಿಗೆ ನೋಡಿದ. ಎದುರಿಗೆ ಆ ಹಸಿರು ಬೆನ್ನು ಬಿಟ್ಟರೆ ನೋಡಲು ಬೇರೇನೂ ಇರಲಿಲ್ಲ.

“ಬಿಳೀದೂ ಇತ್ತು, ಕೆಂಪೂ ಇತ್ತು,” ಎಂದಳು ತುಳಜಾಬಾಯಿ ಪೇಟೆ ದಾಟಿದ ಮೇಲೆ. “ಮೂರು ದಿನ ವಿಚಾರ ಮಾಡೀನಿ. ನಿಮಗ ಹಸರು ಸೇರತದ ಅಂತ ಹಸರs ಹೇಳಿದೆ.”

“ಚೊಲೋ ಅದ,” ಎಂದ ಖಂಡಪ್ಪ.

ಮುಂದಿನ ಗಾಡಿ ತಿರುವಿನಲ್ಲಿ ಮೆಲ್ಲಗಾಯಿತು. ಅದಕ್ಕೆ ತಾಗಬಾರದೆಂದು ಖಂಡಪ್ಪ ಎರಡೂ ಕಾಲಿನಿಂದ ಬ್ರೇಕು ಒತ್ತಿ ಹಿಡಿದ.